ಹದಿನಾರನೇ ದಿನದ ಸೂಪು

ಧರ್ಮಪಾಲನಿಗೆ ಐವತ್ತಮೂರು ವರ್ಷ. ಆದರೂ ಕೊಲ್ಲಿ ದೇಶದ ಮುಸಫ್ಫಾದ ಕಂಪನಿಯಲ್ಲಿ ಅವನ ಕೆಲಸದ ಹೆಸರು ಆಫೀಸ್ ಬಾಯ್. ಊರು ಕಾಪು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಇಪ್ಪತ್ತೆರಡು ವರ್ಷದಿಂದ ಅದೇ ಪ್ಯಾಂಟ್ರಿಯಲ್ಲಿ ಚಹಾ ಮಾಡುತ್ತ, ಕಪ್ಪು ತೊಳೆಯುತ್ತ ಬಂದಿದ್ದ. ಮಾತು ಕಡಿಮೆ. ಎದುರಿನವರು ಹತ್ತು ಮಾತು ಆಡಿದರೆ ಅವನದ್ದು ಒಂದು "ಹೂಂ", ಇಲ್ಲದಿದ್ದರೆ ಒಂದು "ಆಯ್ತು".

ತಿನ್ನುವ ವಸ್ತು ಕಸದ ಬುಟ್ಟಿಗೆ ಬೀಳುವುದನ್ನು ಮಾತ್ರ ಅವನಿಂದ ನೋಡಲಾಗುತ್ತಿರಲಿಲ್ಲ. ಮೀಟಿಂಗ್ ಮುಗಿದ ಮೇಲೆ ಉಳಿದ ಸಮೋಸ, ಸ್ಯಾಂಡ್‌ವಿಚ್, ಯಾರದೋ ಬರ್ತ್‌ಡೇ ಕೇಕಿನ ಮೂಲೆ, ಎಲ್ಲವೂ ಡಬ್ಬಿ ಸೇರಿ ಸಂಜೆಯ ಬಸ್ಸಿನಲ್ಲಿ ಕೆಲಸಗಾರರ ಕ್ಯಾಂಪಿಗೆ ಬರುತ್ತಿತ್ತು. ರೂಮಿನವರು ಬಾಯಿ ಚಪ್ಪರಿಸಿ ತಿನ್ನುತ್ತಿದ್ದರು. ಎಲ್ಲಿಯದು ಎಂದು ಯಾರೂ ಕೇಳುತ್ತಿರಲಿಲ್ಲ.

ಅವನ ಮೇಲಿನ ಮಂಚ ತಿಲಕನದ್ದು. ವೆಲ್ಡರ್, ಪಡುಬಿದ್ರಿಯವನು. ಕಳೆದ ಡಿಸೆಂಬರ್ ಒಂಬತ್ತಕ್ಕೆ ತಿಲಕನ ಅಪ್ಪ ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಕೆಲಸದ ಒತ್ತಡ, ರಜೆ ಸಿಗಲಿಲ್ಲ. ಅಪ್ಪ ಕಡೆಯ ವಾರವಿಡೀ ಕೇಳಿದ್ದು ಒಂದು ಲೋಟ ಕೋಳಿ ಸೂಪು. ಡಾಕ್ಟರು ಬೇಡವೆಂದಿದ್ದರು, ಮನೆಯವರು ಕೊಡಲಿಲ್ಲ.

ಸತ್ತ ಹದಿನಾರನೇ ದಿನ ಅವರಿಗೆ ಇಷ್ಟವಾದದ್ದನ್ನು ಎಲೆಯಲ್ಲಿ ಬಡಿಸುವುದು ಕ್ರಮ. ಊರಲ್ಲಿ ಅಣ್ಣ ಬಡಿಸುತ್ತಾನೆ. ಆದರೆ ತಿಲಕನಿಗೆ ತನ್ನ ಕೈಯಿಂದಲೂ ಒಂದು ಎಲೆ ಬಡಿಸಬೇಕು.

"ಧರ್ಮಣ್ಣ, ನಂಗೆ ಡ್ಯೂಟಿ ಬಿಡುವಾಗ ಏಳಾಗ್ತದೆ. ಒಂದು ಫ್ರೆಶ್ ಕೋಳಿ ತಂದು ನೀವೇ ಸೂಪ್ ಮಾಡಿಡ್ತೀರಾ? ನಿಮ್ಮ ಕೈದಾದ್ರೆ ಅಪ್ಪ ಖಂಡಿತ ಕುಡೀತಾರೆ."

"ಆಯ್ತು," ಎಂದ ಧರ್ಮಪಾಲ.

ಆ ದಿನ ಕ್ರಿಸ್ಮಸ್ಸಿನ ಮುನ್ನಾದಿನ. ಆಫೀಸಿನಲ್ಲಿ ಊಟ. ಹೋಟೆಲಿನಿಂದ ಸುಟ್ಟ ಟರ್ಕಿ ಕೋಳಿ ಬಂದಿತ್ತು, ಆಡಿನ ಮರಿಯಷ್ಟು ದೊಡ್ಡದು. ಇಪ್ಪತ್ತು ಜನ ತಿಂದರೂ ಅರ್ಧ ಉಳಿಯಿತು. ಯಾರೋ ಒಂದು ಕಾಲನ್ನು ಕಚ್ಚಿ, ಹಿಡಿಸದೆ, ತಿರುಗಿ ಟ್ರೇಯಲ್ಲೇ ಇಟ್ಟದ್ದನ್ನು ಧರ್ಮಪಾಲ ಕಣ್ಣಾರೆ ನೋಡಿದ. ಆ ಕಾಲನ್ನು ತೆಗೆದು ಬಿಸಾಡಿದ. ಉಳಿದದ್ದನ್ನು ಫಾಯಿಲಿನಲ್ಲಿ ಸುತ್ತಿಕೊಂಡ.

ಬಸ್ಸು ಇಳಿದಾಗ ಐದೂವರೆ. ಕೋಳಿ ಅಂಗಡಿ ಎರಡು ರಸ್ತೆ ದಾಟಿ ಆಚೆ. ಕೈಯಲ್ಲೇ ಇಷ್ಟು ಕೋಳಿ ಇರುವಾಗ ಇನ್ನೊಂದು ಯಾಕೆ ಎಂದಿತು ಮನಸ್ಸು. ದಣಿದ ಕಾಲೂ ಅದನ್ನೇ ಹೇಳಿತು. ಅವನು ಸೀದಾ ಅಡುಗೆಕೋಣೆಗೆ ನಡೆದ.

ಟರ್ಕಿಗೆ ಹಚ್ಚಿದ್ದ ಸಿಹಿ ಸಾಸನ್ನು ಬಿಸಿನೀರಲ್ಲಿ ಮೂರು ಸಲ ತೊಳೆದ. ಮಾಂಸ ಬಿಡಿಸಿ ಬದಿಗಿಟ್ಟ. ಎದೆಯ ಗೂಡನ್ನು ಮುರಿದು ದೊಡ್ಡ ಪಾತ್ರೆಗೆ ಹಾಕಿ, ಶುಂಠಿ, ಬೆಳ್ಳುಳ್ಳಿ ಜಜ್ಜಿ, ಕರಿಮೆಣಸು ಕುಟ್ಟಿ ಹಾಕಿ ಕುದಿಯಲು ಇಟ್ಟ. ಎಲುಬು ರಸ ಬಿಡತೊಡಗಿತು. ಪಕ್ಕದ ಒಲೆಯಲ್ಲಿ ಅದೇ ರೂಮಿನ ಮೊಯ್ದಿನಬ್ಬ ಬಂಗುಡೆ ಕಾಯಿಸುತ್ತಿದ್ದ. ಲಾರಿ ಡ್ರೈವರ್, ಬಾಯಿ ಸ್ವಲ್ಪ ಜೋರು.

"ಎಂಥ ಧರ್ಮಣ್ಣ, ಒಂಟೆ ಬೇಯಿಸ್ತಿದ್ದೀಯಾ? ಎಲುಬು ಇಷ್ಟುದ್ದ ಉಂಟಲ್ಲ!"

"ಟರ್ಕಿ."

"ತಿಲಕನ ಅಪ್ಪನಿಗಾ?"

"ಹೂಂ."

ಮೊಯ್ದಿನಬ್ಬ ಫಾಯಿಲ್ ನೋಡಿದ. ದನಿ ತಗ್ಗಿಸಿದ. "ಆಫೀಸ್ದಾ? ಉಂಡು ಬಿಟ್ಟದ್ದಲ್ವಾ ಮಾರಾಯ? ತೀರಿಹೋದವರಿಗೆ ಎಂಜಲು ಬಡಿಸ್ಲಿಕ್ಕೆ ನಿಮ್ಮಲ್ಲಿ ಆಗ್ತದಾ?"

ಧರ್ಮಪಾಲನ ಸೌಟು ನಿಂತಿತು. ಉಳಿದದ್ದು ಎಂದೇ ಅವನು ಅದುವರೆಗೆ ಅಂದುಕೊಂಡಿದ್ದ. ಎಂಜಲು ಎಂಬ ಮಾತು ತಲೆಗೆ ಬಂದಿರಲೇ ಇಲ್ಲ. ಬಂದಿತ್ತೋ, ಅವನೇ ಒಳಗೆ ಬಿಟ್ಟಿರಲಿಲ್ಲವೋ. ಏಳಕ್ಕೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಓಡಿದ್ದರೆ ಕೋಳಿ ತರಬಹುದಿತ್ತು. ಅವನು ಉರಿ ಸಣ್ಣ ಮಾಡಿದ. ನೊರೆ ತೆಗೆದ. ಹೋಗಲಿಲ್ಲ.

ತಿಲಕ ಬಂದು ಸ್ನಾನ ಮಾಡಿ, ಮಲಯಾಳಿ ಅಂಗಡಿಯಿಂದ ತಂದಿದ್ದ ಬಾಳೆಲೆ ಹಾಸಿದ.

"ಎಂಥ ಪರಿಮಳ! ಫ್ರೆಶ್ ಕೋಳಿಯೇ ಸಿಕ್ಕಿತಾ ಧರ್ಮಣ್ಣ?"

"ಹೂಂ," ಎಂದ ಧರ್ಮಪಾಲ. ಜೀವನದಲ್ಲಿ ಸಾವಿರ ಸಲ ಹೇಳಿದ ಮಾತು. ಆ ಸಲ ಹೇಳಿ, ಲೋಟ ತೊಳೆಯಲು ಆಚೆ ತಿರುಗಿದ.

ದೀಪ ಹಚ್ಚಿದರೆ ಹೊಗೆಗೆ ಕ್ಯಾಂಪಿನ ಸೈರನ್ ಕೂಗುತ್ತದೆಂದು ಮೊಬೈಲಿನ ಟಾರ್ಚ್ ಹಚ್ಚಿಟ್ಟರು. ಅನ್ನ, ಸ್ಟೀಲ್ ಲೋಟದಲ್ಲಿ ಹಬೆಯಾಡುವ ಸೂಪು. ಬಡಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಂತರು. ಸತ್ತವರು ಬಂದು ಉಣ್ಣುವಾಗ ಬದುಕಿದ್ದವರು ಒಳಗಿರಬಾರದು. ಕಾರಿಡಾರಿನಲ್ಲಿ ತಿಲಕ ಕೈಮುಗಿದು ನಿಂತಿದ್ದ. ಮೊಯ್ದಿನಬ್ಬ ಟೋಪಿ ಸರಿಮಾಡಿಕೊಂಡು ಧರ್ಮಪಾಲನ ಮುಖವನ್ನೇ ನೋಡುತ್ತಿದ್ದ. ಧರ್ಮಪಾಲ ಬಾಗಿಲು ನೋಡುತ್ತಿದ್ದ. ಈಗಲಾದರೂ ತೆರೆದು ಆ ಲೋಟ ತೆಗೆಯಬಹುದು. ಕೈ ಏಳಲಿಲ್ಲ.

ಆಮೇಲೆ ತಿಲಕ, ಉಣ್ಣಲು ಬಂದವರಿಗೆ ತಿಳಿಯಲೆಂದು ಬಾಗಿಲು ಬಡಿದು, ಒಳಗೆ ಹೋದ. ಅಮ್ಮ ಅಕ್ಕುವಿಗೆ ವಿಡಿಯೋ ಕಾಲ್ ಮಾಡಿದ. "ಅಮ್ಮಾ, ಅಪ್ಪನಿಗೆ ಸೂಪ್ ಸಿಕ್ಕಿತು ನೋಡು," ಎಂದು ಲೋಟ ತೋರಿಸಿ ಅತ್ತ. ಉಳಿದ ಸೂಪನ್ನು ರೂಮಿನವರು ಕುಡಿದರು. ಧರ್ಮಪಾಲ ಹೊಟ್ಟೆ ಸರಿಯಿಲ್ಲವೆಂದು ಮಲಗಿದ.

ಮರುದಿನದಿಂದ ಅವನು ಆಫೀಸಿನಿಂದ ಏನೂ ತರಲಿಲ್ಲ. ಸಮೋಸಗಳನ್ನು ತನ್ನ ಕೈಯಾರೆ ಕಸಕ್ಕೆ ಹಾಕಿದ. ಅದರಿಂದ ಮನಸ್ಸಿನ ಭಾರ ಇಳಿಯಲಿಲ್ಲ.

"ಹೇಳಿದ್ಯಾ?" ಎಂದು ಮೊಯ್ದಿನಬ್ಬ ಕೇಳಿದ.

"ಇಲ್ಲ."

"ನೋಡು, ಹೊಟ್ಟೆಗೆ ಹೋದದ್ದು ಖಲಾಸ್. ನಾಲಿಗೆಯಲ್ಲಿ ಇಟ್ಟುಕೊಂಡದ್ದು ಖಲಾಸ್ ಆಗುದಿಲ್ಲ. ನಾನು ಹೇಳುದಿಲ್ಲ. ಅದು ನಿನ್ನ ಕೆಲಸ."

ಭಾನುವಾರ ರಜೆ. ಧರ್ಮಪಾಲ ಬೆಳಿಗ್ಗೆಯೇ ಅಂಗಡಿಗೆ ಹೋಗಿ ಒಂದು ಕೋಳಿ ತಂದು ತಿಲಕನ ಎದುರು ಇಟ್ಟ.

"ಇನ್ನೊಮ್ಮೆ ಬಡಿಸುವ."

"ಯಾಕೆ?"

ಧರ್ಮಪಾಲ ಹೇಳಿದ. ಟ್ರೇ, ಕಚ್ಚಿಟ್ಟ ಕಾಲು, ದಾಟದ ಎರಡು ರಸ್ತೆ, ಇದ್ದ ಮುಕ್ಕಾಲು ಗಂಟೆ, ಒಂದನ್ನೂ ಬಿಡಲಿಲ್ಲ. ಅಷ್ಟು ಉದ್ದ ಅವನು ಮಾತಾಡಿದ್ದನ್ನು ರೂಮಿನಲ್ಲಿ ಯಾರೂ ಕೇಳಿರಲಿಲ್ಲ.

ತಿಲಕನ ಮುಖ ಕಪ್ಪಾಯಿತು. "ಹದಿನಾರು ಎರಡು ಸಲ ಬರ್ತದಾ ಧರ್ಮಣ್ಣ? ಅಪ್ಪ ಎರಡು ಸಲ ಸಾಯ್ತಾರಾ?" ಅವನು ಫೋನ್ ತೆಗೆದ. "ನಂಗೆ ಹೇಳಿದ್ರೆ ಸಾಲದು. ಆ ದಿನ ನಾನು ಅಮ್ಮನಿಗೆ ಸುಳ್ಳು ಹೇಳಿದ ಹಾಗಾಯ್ತು. ನೀವೇ ಹೇಳಿ."

ಪರದೆಯಲ್ಲಿ ಅಕ್ಕು ಬಂದಳು. ಧರ್ಮಪಾಲ ತಲೆ ಎತ್ತದೆ ಮತ್ತೆ ಎಲ್ಲ ಹೇಳಿದ. ಆ ಕಡೆ ಒಂದು ಕಾಗೆ ಕೂಗಿತು.

"ಬಿಸಿ ಇತ್ತಾ?" ಎಂದು ಕೇಳಿದಳು ಅಕ್ಕು.

"ಎಂಥದು ಅಕ್ಕ?"

"ಸೂಪು. ಬಡಿಸುವಾಗ ಬಿಸಿ ಇತ್ತಾ?"

"ಇತ್ತು."

"ಹಾಗಾದ್ರೆ ಕುಡಿದಿರ್ತಾರೆ. ಬಿಸಿ ಇದ್ರೆ ಆ ಮನುಷ್ಯ ಎಂಥದನ್ನೂ ಬಿಡ್ತಿರ್ಲಿಲ್ಲ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವರ ಎಲೆ ಇಲ್ಲಿ ದೊಡ್ಡ ಮಗ ಸರಿಯಾಗಿ ಬಡಿಸಿದ್ದಾನೆ. ಅದನ್ನು ನಾನು ನೋಡಿಕೊಳ್ತೇನೆ. ಆದ್ರೆ ನನ್ನ ಸಣ್ಣವನು ನಂಬಿ ಕೇಳಿದ್ದಕ್ಕೆ ನೀನು ಸುಳ್ಳು ಹೇಳಿದ್ದಿ ಧರ್ಮ. ಅದಕ್ಕೆ ನಾನೆಂಥ ಹೇಳ್ಲಿ? ಅದರ ಕ್ಷಮೆ ಅವನ ಹತ್ರವೇ ಉಂಟು."

ಫೋನ್ ಇಟ್ಟ ಮೇಲೆ ಧರ್ಮಪಾಲ ಮಂಚದ ತುದಿಯಲ್ಲಿ ಕುಳಿತ. ಕೋಳಿಯ ಚೀಲದಿಂದ ನೀರು ಇಳಿದು ನೆಲ ಒದ್ದೆಯಾಗುತ್ತಿತ್ತು. ತಿಲಕ ತನ್ನ ಮಂಚ ಹತ್ತಿ ಗೋಡೆಗೆ ಮುಖ ಮಾಡಿದ. ಮಧ್ಯಾಹ್ನದ ಊಟಕ್ಕೆ ಇಳಿಯಲಿಲ್ಲ. ಸಂಜೆಗೂ ಮಾತಿಲ್ಲ. ಮಾರನೇ ದಿನ, ಅದರ ಮಾರನೇ ದಿನವೂ ತಿಲಕ ಹೊರಗೆ ಕುಬ್ಬೂಸ್ ರೊಟ್ಟಿ ತಿಂದು ಬಂದ. ಧರ್ಮಪಾಲ ಅವನ ಪಾಲಿನ ಅನ್ನ ದಿನಾ ಬೇಯಿಸಿದ. ದಿನಾ ಅದು ಹಾಗೇ ಉಳಿಯಿತು.

ಎಂಟನೇ ದಿನ ಸಂಜೆ ಅಕ್ಕಿ ತೊಳೆಯುತ್ತ ಅವನು, ಉತ್ತರ ಬರುವುದಿಲ್ಲವೆಂದೇ ತಿಳಿದು, ಕೇಳಿದ.

"ಎಂಥ ಮಾಡ್ಲಿ ತಿಲಕ?"

ತಿಲಕ ಶೂಸಿನ ದಾರ ಬಿಚ್ಚುತ್ತಿದ್ದ. ಮುಖ ಎತ್ತಲಿಲ್ಲ.

"ಎಂಥದಾದ್ರೂ ಮಾಡಿ," ಎಂದ. "ಅಂಗಡಿಯಿಂದ ತಂದು ಮಾಡಿ."

ಧರ್ಮಪಾಲ "ಆಯ್ತು" ಎಂದು ಹೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ರಸ್ತೆ ದಾಟಲು ಹೊರಟ.