ರೈಟರ ಕೈಲಿ ಏನಿದೆ

ನೆಲ್ಯಹುದಿಕೇರಿ ಆಚೆಯ ಒಂದು ಕಾಫಿ ತೋಟದಲ್ಲಿ ಮಹಾದೇವಮ್ಮ ದುಡಿಯತೊಡಗಿ ಇಪ್ಪತ್ತಮೂರು ವರ್ಷವಾಗಿತ್ತು. ಕುಶಾಲನಗರದ ಕಡೆಯವಳು, ಗಂಡ ತೀರಿಕೊಂಡ ಮೇಲೆ ಬಂದು ತೋಟದ ಕೂಲಿಯವರ ಲೈನ್‌ಮನೆ ಸೇರಿದ್ದಳು. ಹಣ್ಣು ಕೊಯ್ಯುವುದರಲ್ಲಿ ಅವಳನ್ನು ಸರಿಗಟ್ಟುವವರಿರಲಿಲ್ಲ. ಬಾಯಿ ಮಾತ್ರ ಒರಟು. ಕೆಲಸ ಮಾಡಿಸುವ ರೈಟರ್ ಮೊಣ್ಣಪ್ಪನವರಿಗೂ ಎದುರುತ್ತರ ಕೊಟ್ಟವಳೇ. ಆದರೆ ಮೊಣ್ಣಪ್ಪ ಗಿಡದ ಬೇಡದ ಚಿಗುರು ತೆಗೆಯುವುದನ್ನು ತಾವೇ ಮಾಡಿ ತೋರಿಸುತ್ತಿದ್ದರು. ಆನೆ ಬಂದಿದೆಯೆಂದರೆ ತಾವೇ ಮುಂದೆ ಹೋಗಿ ನೋಡಿ ಬರುತ್ತಿದ್ದರು. ಅವರು ಇನ್ನೊಂದು ಸಾಲು ಮುಗಿಸಿ ಎಂದರೆ ಮಹಾದೇವಮ್ಮ ಗೊಣಗುತ್ತಲೇ ಮುಗಿಸಿ ಹೋಗುತ್ತಿದ್ದಳು.

ಅವರು ಕೆಲಸ ಬಿಟ್ಟ ಮೇಲೆ ಬಂದವನು ರೇಣುಕಪ್ರಸಾದ್. ಅವನಿಗೆ ಕಾಫಿ ಗೊತ್ತಿರಲಿಲ್ಲ, ಹೆದರಿಸುವುದು ಗೊತ್ತಿತ್ತು. “ಲೈನ್‌ಮನೆ ನನ್ನ ಕೈಲಿದೆ. ನಾನು ಬೇಡ ಅಂದವ್ರು ಸಂಜೆಯೊಳಗೆ ಗಂಟುಮೂಟೆ ಕಟ್ಬೇಕು” ಎಂದು ಬಂದ ವಾರವೇ ಹೇಳಿದ. ನಿಜವೋ ಸುಳ್ಳೋ ಎಂದು ಯಾರೂ ಕೇಳಲು ಹೋಗಲಿಲ್ಲ. ತಲೆ ಮೇಲಿನ ಸೂರು ಪಣಕ್ಕಿಟ್ಟು ಕೇಳುವವರು ಯಾರು? ಎರಡು ವರ್ಷ ಹೀಗೇ ನಡೆಯಿತು. ಕೈ ಕೆಲಸ ಮಾಡುತ್ತಿತ್ತು, ಮನಸ್ಸು ಮಾಡುತ್ತಿರಲಿಲ್ಲ. ಕಣ್ಣೆದುರೇ ಕೊಂಬೆ ಮುರಿದರೂ ಮಹಾದೇವಮ್ಮ ಹಾಗೇ ದಾಟಿ ಹೋಗುತ್ತಿದ್ದಳು.

ಜನವರಿಯ ಒಂದು ಬೆಳಗ್ಗೆ ವಾಚರ್ ಸಿದ್ದ ಏದುಸಿರು ಬಿಡುತ್ತ ಓಡಿ ಬಂದ.

“ಹೊಳೆಬದಿ ಬ್ಲಾಕಿಗೆ ಹೋಗ್ಬೇಡಿ. ಆನೆ ಲದ್ದಿ ಇನ್ನೂ ಬಿಸಿ ಐತೆ. ಜೊತೆಗೆ ಮರಿ ಐತೆ.”

ರೇಣುಕಪ್ರಸಾದ್ ಜೀಪಿನಿಂದ ಇಳಿಯಲೂ ಇಲ್ಲ. “ಹಣ್ಣು ಒಣಗಿ ಉದುರ್ತಾ ಇದೆ. ನಿನ್ನ ಆನೆ ಕಥೆ ಆಮೇಲೆ. ಹೋಗದವ್ರು ಲೈನ್ ಖಾಲಿ ಮಾಡಿ.”

“ನೀವೇ ಮುಂದೆ ನಡೀರಿ ರೈಟ್ರೇ, ಬರ್ತೀವಿ” ಅಂದಳು ಮಹಾದೇವಮ್ಮ.

“ನಿನ್ನ ಮನೆಯಿಂದ್ಲೇ ಶುರು ಮಾಡ್ಲಾ?”

ಮಹಾದೇವಮ್ಮ ಚೀಲ ಹೆಗಲಿಗೇರಿಸಿ ನಡೆದಳು. ಉಳಿದವರು ಅವಳ ಹಿಂದೆ ನಡೆದರು.

ಗಂಟೆ ಕಳೆದಿರಲಿಲ್ಲ, ಬಿದಿರುಮೆಳೆಯ ಹಿಂದಿನಿಂದ ಘೀಳು ಕೇಳಿತು. ಎಲ್ಲರೂ ದಿಕ್ಕಾಪಾಲಾಗಿ ಓಡಿದರು. ಪಕ್ಕದ ಮನೆಯ ಮುದ್ದಿ ನೀರು ಹರಿಯುವ ತೋಡಿಗೆ ಬಿದ್ದಳು. ಆನೆ ಅವಳನ್ನು ದಾಟಿಕೊಂಡೇ ಹೋಯಿತು. ಜೀವ ಉಳಿಯಿತು, ಬಿದ್ದ ರಭಸಕ್ಕೆ ಬಲಗಾಲಿನ ಮೂಳೆ ಎರಡು ಕಡೆ ಮುರಿಯಿತು. ಮಹಾದೇವಮ್ಮ, ಸಿದ್ದ ಇಬ್ಬರೂ ಅವಳನ್ನು ಹೊತ್ತು ರಸ್ತೆಗೆ ತಂದರೆ, ರೈಟರ ಮೊದಲ ಮಾತು: “ಮನೆ ಮೆಟ್ಲಲ್ಲಿ ಜಾರಿದ್ಲು ಅನ್ನಿ. ಎಲ್ಲರೂ ಅದನ್ನೇ ಹೇಳ್ಬೇಕು.”

ಎಲ್ಲರೂ ಅದನ್ನೇ ಹೇಳಿದರು. ಆಸ್ಪತ್ರೆಯಲ್ಲಿ ಮಹಾದೇವಮ್ಮನೂ ಅದನ್ನೇ ಹೇಳಿದಳು. ಹೇಳಿ ಹೊರಗೆ ಬಂದು ಗೋಡೆಗೆ ಕೈ ಗುದ್ದಿಕೊಂಡಳು.

ಐದನೆಯ ದಿನ ತೋಟದ ಒಡತಿ ಸುಧಾ ಮೈಸೂರಿನಿಂದ ಬಂದರು. “ಮುದ್ದಿ ಮೆಟ್ಲಲ್ಲಿ ಬಿದ್ಲಂತೆ, ಪಾಪ” ಎಂದರು. ರೈಟರ್ ಪಕ್ಕದಲ್ಲೇ ನಿಂತಿದ್ದ. ಮಹಾದೇವಮ್ಮನಿಗೆ ತಡೆಯಲಾಗಲಿಲ್ಲ.

“ಮೆಟ್ಲಲ್ಲ ಅಮ್ಮಾ. ಆನೆ ಐತೆ ಅಂತ ಗೊತ್ತಿದ್ದೂ ಇವ್ರು ನಮ್ಮನ್ನ ಒಳಕ್ಕೆ ಅಟ್ಟಿದ್ರು. ಹೋಗ್ದಿದ್ರೆ ಮನೆ ಬಿಡಿಸ್ತೀನಿ ಅಂದ್ರು.”

ಸುಧಾ ಹುಬ್ಬು ಗಂಟಿಕ್ಕಿದರು. “ಮನೆ ಬಿಡ್ಸೋದಾ? ಅದು ನನ್ನದು, ನಾನೇ ನೋಡ್ಕೊಳ್ಳೋದು. ಆ ಅಧಿಕಾರ ರೈಟರಿಗೆ ಯಾವತ್ತೂ ಇರ್ಲಿಲ್ವಲ್ಲ.”

ರೇಣುಕಪ್ರಸಾದ್ ತಲೆ ತಗ್ಗಿಸಿದ. ಮಹಾದೇವಮ್ಮನ ಮೈಗೆ ಬೆಂಕಿ ಬಿದ್ದಂತಾಯಿತು. ಇಲ್ಲದ ಅಧಿಕಾರಕ್ಕೆ ಎರಡು ವರ್ಷ ಎಲ್ಲರೂ ಬೆನ್ನು ಬಗ್ಗಿಸಿದ್ದರು! ಅವನು ಬರೀ ಹೇಳಿದ್ದ, ನಂಬಿದ್ದು ತಾವು. ಆ ಸಿಟ್ಟು ಅವನ ಮೇಲೆ, ತನ್ನ ಮೇಲೆ, ಎದುರು ನಿಂತ ಒಡತಿಯ ಮೇಲೂ ಹರಿಯಿತು.

“ಈ ಮಾತನ್ನ ಒಂದ್ ದಿನ ಲೈನಿಗೆ ಬಂದು ಹೇಳಿದ್ರೆ ನಿಮ್ ಗಂಟೇನು ಹೋಗ್ತಿತ್ತಮ್ಮಾ? ಮುದ್ದಿ ಕಾಲು ಉಳೀತಿತ್ತು.”

ಸುಧಾ ತಿಂಗಳೊಳಗೆ ರೇಣುಕಪ್ರಸಾದ್‌ನನ್ನು ಕಳಿಸಿದರು, ಮುದ್ದಿಯ ಚಿಕಿತ್ಸೆ ಮಾಡಿಸಿದರು. ಕಾಲು ಸರಿಯಾಗಲಿಲ್ಲ. ಗುಡ್ಡ ಹತ್ತಲಾರದ ಮುದ್ದಿ ಈಗ ಕಣದಲ್ಲಿ ಕೂತು ಕಾಫಿ ಆರಿಸುತ್ತಾಳೆ.

ಹೊಸ ರೈಟರ್ ಕೀರ್ತಿಕುಮಾರ್ ಸಾಧು ಹುಡುಗ. ಬಂದ ದಿನ ನಗುತ್ತ, “ಏನಾದ್ರೂ ತೊಂದ್ರೆ ಇದ್ರೆ ಹೇಳಿ ಅಕ್ಕಾ” ಎಂದ. ಮಹಾದೇವಮ್ಮ ನಗಲಿಲ್ಲ.

“ನಿಮ್ ಕೈಲಿ ಏನೈತೆ, ಏನಿಲ್ಲ, ಅದನ್ನ ಬರ್ದು ಗೋಡೆಗೆ ಅಂಟಿಸಿ. ಕೆಳಗೆ ಅಮ್ಮನ ಸಹಿ ಇರ್ಲಿ. ಆಮೇಲೆ ಮಾತಾಡಾಣ.”