ಗಾಳಿಯಲ್ಲಿ ಹಿರಿಯರು ಮಾತಾಡುವಾಗ

ಕಳೆದ ತಿಂಗಳು ನಮ್ಮ ತೋಟದ ಗುಡ್ಡದ ಮೇಲೆ ಒಬ್ಬರು ಅರ್ಧ ಗಂಟೆ ವೈರ್‌ಲೆಸ್ ಸೆಟ್ಟಿನ ಮುಂದೆ ಕುಳಿತರು. ಕಿವಿಗೆ ಹೆಡ್‌ಫೋನು, ಬಲಗೈ ಮೋರ್ಸ್ ಸಂಕೇತ ಕುಟ್ಟುವ ಕೀಯ ಮೇಲೆ. ಒಂದು ಚುಕ್ಕೆ ಇಲ್ಲ, ಒಂದು ಗೆರೆ ಇಲ್ಲ. ಆಮೇಲೆ ಹೆಡ್‌ಫೋನು ಕಳಚಿಟ್ಟು, ಎಲ್ಲರಿಗೂ ಕೈ ಮುಗಿದು, ಬಸ್ಸಿಗೆ ಹೊತ್ತಾಯಿತೆಂದು ಇಳಿದು ಹೋದರು.

'ಪಾಪ, ಕೈ ನಡುಗಿರಬೇಕು' ಎಂದೆವು ನಾವು. ಇನ್ನೊಂದು ಸುತ್ತು ಕಾಫಿ ಕುಡಿದೆವು.

ನನಗೆ ಹವ್ಯಾಸಿ ರೇಡಿಯೋ ಹುಚ್ಚೆಂದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. (ನನ್ನ ಹೆಂಡತಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಅವಳ ಬಟ್ಟೆ ಒಣಗಿಸುವ ತಂತಿ ಈಗ ಏರಿಯಲ್ ಆಗಿದೆ.) ಸರ್ಕಾರದಿಂದ ಲೈಸೆನ್ಸ್ ಪಡೆದು, ಮಹಾಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಮಿಲಿಟರಿ ಸಾಮಾನಿನಿಂದ ಸೆಟ್ಟು ಕಟ್ಟಿಕೊಂಡು, ಮುಖ ನೋಡದವರ ಜೊತೆ ಟಿಕ್ ಟಿಕ್ ಎಂದು ಮಾತಾಡುವುದು ನಮ್ಮ ಸುಖ. ಕೊಡಗು ರಾಜ್ಯವೇ ಅಂಗೈಯಗಲ. ಅದರಲ್ಲಿ ನಮ್ಮಂಥವರನ್ನೆಲ್ಲ ಒಂದೇ ಜೀಪಿಗೆ ತುಂಬಬಹುದು. ಹೀಗಿರುವಾಗ ಹೊಸಬರೊಬ್ಬರು ಬಂದರೆ ಹೊತ್ತು ಮೆರವಣಿಗೆ ಮಾಡಬೇಕಲ್ಲವೇ? ನಾವು ಮಾಡಿದ್ದೇನು?

ಬಂದವರು ಪುಟ್ಟಸ್ವಾಮಿ, ಕುಶಾಲನಗರದ ಹತ್ತಿರ ಮಿಡ್ಲ್ ಸ್ಕೂಲ್ ಮೇಷ್ಟ್ರು. ಹಾಸನದ ಕಡೆಯಿಂದ ಬಂದು ನೆಲೆಸಿದ ಬೇಸಾಯದ ಮನೆಯವರು. ಹೊಸದಾಗಿ ಲೈಸೆನ್ಸ್ ಸಿಕ್ಕಿತ್ತು, ಸೆಟ್ಟೂ ಕಟ್ಟಿಕೊಂಡಿದ್ದರು. ಗಾಳಿಯಲ್ಲಿ ಇನ್ನೂ ಯಾರೊಂದಿಗೂ ಮಾತಾಡಿರಲಿಲ್ಲ. ಆ ಮೊದಲ ಮಾತು ನಮ್ಮ ಭಾನುವಾರದ ಕೂಟದಲ್ಲಾಗಲಿ ಎಂದು ಮೊದಲ ಬಸ್ಸಿಗೇ ಬಂದಿದ್ದರು. ನಾವು ಕಾಲ್‌ಸೈನ್, ಅಂದರೆ ಗಾಳಿಯಲ್ಲಿ ಅವರ ಹೆಸರು, ಕೇಳಿದೆವು, ಬೆಂಚಿನ ತುದಿ ತೋರಿಸಿದೆವು, ವಾಲ್ವಿನ ಚರ್ಚೆಗೆ ಮರಳಿದೆವು. ಕಾಫಿ ಫ್ಲಾಸ್ಕು ಕೈಯಿಂದ ಕೈಗೆ ಹೋಯಿತು. ಅವರ ಕೈಗೂ ಹೋಯಿತೇ? ನನಗೆ ನೆನಪಿಲ್ಲ. ನೆನಪಿಲ್ಲ ಎಂದರೆ ಹೋಗಿಲ್ಲ ಎಂದೇ ಅರ್ಥ.

ಕೆಲವು ದಿನ ಕಳೆದು ಸೋಮವಾರಪೇಟೆ ಸಂತೆಯಲ್ಲಿ ಮೇಷ್ಟ್ರು ಸಿಕ್ಕಿದರು. ಕೈಯಲ್ಲಿ ಚೀಲ, ಮುಖದಲ್ಲಿ ಕಳೆಯಿಲ್ಲ.

"ಸೆಟ್ಟು ಬೇಕು ಅನ್ನೋರು ಯಾರಾರ ಇದ್ರೆ ಹೇಳಿ ಗೌಡ್ರೇ. ಕೊಟ್ಬುಡ್ತೀನಿ."

ನನಗೆ ಗಾಬರಿಯಾಯಿತು. ಕೈ ನಡುಗಿದ್ದಕ್ಕೆಲ್ಲ ಯಾರಾದರೂ ಸೆಟ್ಟು ಬಿಡುತ್ತಾರೆಯೇ ಎಂದು ಸಮಾಧಾನ ಹೇಳಹೊರಟೆ. ಅವರು ತಲೆಯಾಡಿಸಿದರು.

"ಕೈ ನಡುಗ್ಲಿಲ್ಲ. ಅವತ್ತು ಗಾಳೀಲಿ ನಾಪೋಕ್ಲು ಸುಬೇದಾರ್ರೂ ಮೈಸೂರು ಡಾಕ್ಟ್ರೂ ಮಾತಾಡ್ತಿದ್ರು. ದೊಡ್ಡೋರು. ಅವ್ರ ಮಾತು ಮುಗೀಲಿ ಅಂತ ಕಾಯ್ತಿದ್ದೆ. ಮುಗೀಲೇ ಇಲ್ಲ."

ನಾನು ಸಂತೆಯ ನಡುವೆ ನಿಂತು ನಕ್ಕೆ. ಆಮೇಲೆ ನಗು ಹಾಗೇ ಇಂಗಿತು. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬೇಡ ಎಂದು ನಮ್ಮ ಕಡೆ ಯಾವ ಮನೆಯಲ್ಲಿ ಹೇಳಿಕೊಟ್ಟಿಲ್ಲ? ಆದರೆ ರೇಡಿಯೋದಲ್ಲಿ ಬಾಯಿ ಹಾಕದಿದ್ದರೆ ಬಾಯೇ ಇಲ್ಲ. ಮಾತಿನ ಸಂದು ನೋಡಿ ನಿಮ್ಮ ಕಾಲ್‌ಸೈನ್ ಕುಟ್ಟಿದರೆ ಸಾಕು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇದು ಲೈಸೆನ್ಸ್ ಪರೀಕ್ಷೆಗೆ ಬರುವ ಪಾಠವಲ್ಲ, ಪಕ್ಕದಲ್ಲಿ ಕುಳಿತವರು ಹೇಳಬೇಕಾದದ್ದು. ಪಕ್ಕದಲ್ಲಿ ಯಾರು ಕುಳಿತಿದ್ದರು? ಯಾರೂ ಇಲ್ಲ.

ಇನ್ನೊಂದೇ ಒಂದು ಕೂಟಕ್ಕೆ ಬನ್ನಿ, ಆಮೇಲೆ ಬೇಕಾದರೆ ಸೆಟ್ಟು ನಾನೇ ಇಟ್ಟುಕೊಳ್ಳುತ್ತೇನೆ ಎಂದೆ. ಅವರು ಅರೆಮನಸ್ಸಿನಿಂದ ಹೂಂ ಎಂದರು.

ಮಾರನೆಯ ದಿನ ನಾಪೋಕ್ಲಿಗೆ ಹೋದೆ. ಸುಬೇದಾರ್ ಅಪ್ಪಯ್ಯನವರು ಸೈನ್ಯದಲ್ಲಿ ವೈರ್‌ಲೆಸ್ ನೋಡಿಕೊಳ್ಳುವ ಸಿಗ್ನಲ್ಸ್ ದಳದಲ್ಲಿದ್ದವರು. ಮಂಡಿನೋವಿನಿಂದ ಗುಡ್ಡ ಹತ್ತುವುದಿಲ್ಲ, ಮನೆಯಿಂದಲೇ ಕೂಟಕ್ಕೆ ಸೇರುತ್ತಾರೆ. ಅವರ ಮೋರ್ಸಿನ ವೇಗಕ್ಕೆ ನನಗೇ ಬೆವರು ಕಿತ್ತುಬರುತ್ತದೆ. ವಿಷಯ ಕೇಳಿ ಪೆಚ್ಚಾದರು. ಆಮೇಲೆ ಮಿಲಿಟರಿ ಆರ್ಡರ್ ಹೊರಡಿಸಿದರು. ಮುಂದಿನ ಕೂಟದಲ್ಲಿ ಮೊದಲ ಒಂದು ಗಂಟೆ ಹೊಸಬರದ್ದು, ಹಳಬರು ಯಾರೂ ಕೀ ಮುಟ್ಟಕೂಡದು. ಮೈಸೂರು ಡಾಕ್ಟರೂ ಒಪ್ಪಿದರು.

ಮೊನ್ನೆ ಕೂಟದ ಭಾನುವಾರ ಬಂತು. ಈ ಸಲ ಮೇಷ್ಟ್ರ ಪಕ್ಕ ನಾನೇ ಕುಳಿತೆ. (ಕಾಫಿಯನ್ನೂ ನಾನೇ ಬಗ್ಗಿಸಿಕೊಟ್ಟೆ. ಒಂದು ತಪ್ಪನ್ನು ಎರಡು ಸಲ ಮಾಡುವವನಲ್ಲ ನಾನು.) ಗಾಳಿ ಖಾಲಿ. ಮೇಷ್ಟ್ರು ಉಸಿರೆಳೆದುಕೊಂಡು ಕುಟ್ಟತೊಡಗಿದರು: ಯಾರಾದರೂ ಇದ್ದೀರಾ, ಯಾರಾದರೂ ಇದ್ದೀರಾ? ಕಪ್ಪುಹಲಗೆಯ ಮೇಲೆ ಬರೆದಷ್ಟು ಸ್ಪಷ್ಟ, ಅಷ್ಟೇ ನಿಧಾನ.

ಉತ್ತರವಿಲ್ಲ. ಮತ್ತೆ ಕೂಗಿದರು. ಇಲ್ಲ.

ಆಗ ನನಗೆ ಹೊಳೆಯಿತು. ಹಳಬರೆಲ್ಲ ಶಿಸ್ತಿನಿಂದ ಬಾಯಿ ಮುಚ್ಚಿ ಕುಳಿತಿದ್ದಾರೆ! ಇಡೀ ಕೊಡಗಿನಲ್ಲಿ ಇರುವ ಹೊಸಬರು ಇವರೊಬ್ಬರೇ. ಇನ್ನು ಉತ್ತರ ಕೊಡುವವರು ಯಾರು? ಎಂಥ ಬುದ್ಧಿವಂತರು ನೋಡಿ ನಾವು. ಮೊದಲು ಗದ್ದಲ ಮಾಡಿ ಹೊಸಬರನ್ನು ಮೂಲೆಗೆ ಸೇರಿಸಿದೆವು, ಈಗ ಮರ್ಯಾದೆ ಕೊಟ್ಟು ಅದೇ ಮೂಲೆಗೆ ಸೇರಿಸುತ್ತಿದ್ದೇವೆ. ಮೇಷ್ಟ್ರು ಹೆಡ್‌ಫೋನಿಗೆ ಕೈ ಹಾಕಿದರು, ತೆಗೆದಿಡಲು. ಈಗ ಎದ್ದರೆ ಇನ್ನು ಬರುವವರಲ್ಲ.

"ಇನ್ನೊಂದ್ಸಲ ಕರೀರಿ ಮೇಷ್ಟ್ರೇ" ಎಂದೆ.

ಕರೆದರು. ಆಗ ಬಂತು, ಎಡವುತ್ತಾ, ತಡವರಿಸುತ್ತಾ ಒಂದು ಮೋರ್ಸು. ಯಾರೋ ಇನ್ನೊಬ್ಬ ಹೊಸಬ ಎಂದುಕೊಂಡೆ. ಕಾಲ್‌ಸೈನ್ ಕೇಳಿದರೆ ನಮ್ಮ ಸುಬೇದಾರ್! ತಮ್ಮ ಆರ್ಡರನ್ನು ತಾವೇ ಮುರಿದಿದ್ದರು. ನಿಧಾನವಾಗಿ ಕುಟ್ಟಿ ಅಭ್ಯಾಸವೇ ಇಲ್ಲದ ಕೈ, ಮೂರಕ್ಷರಕ್ಕೊಂದು ತಪ್ಪು. ಮೇಷ್ಟ್ರು ಪಟ್ಟಾಗಿ 'ಇನ್ನೊಮ್ಮೆ ಹೇಳಿ' ಎಂದು ಕುಟ್ಟಿದರು, ಶಾಲೆಯಲ್ಲಿ ಕೇಳುವ ಹಾಗೆ. ಸುಬೇದಾರ್ರು ಇನ್ನೊಮ್ಮೆ ಹೇಳಿದರು. ಮೇಷ್ಟ್ರ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ಆಮೇಲೆ ಡಾಕ್ಟರು ಬಂದರು, ಬೆಂಗಳೂರಿನವರೊಬ್ಬರು ಬಂದರು, ಎಲ್ಲರೂ ಎತ್ತಿನಗಾಡಿಯ ವೇಗದಲ್ಲಿ. ಊಟ ಆರಿ ತಣ್ಣಗಾದರೂ ಮೇಷ್ಟ್ರು ಏಳಲಿಲ್ಲ. ಸೆಟ್ಟು ಕೊಡುವ ಮಾತನ್ನು ನಾನೂ ಎತ್ತಲಿಲ್ಲ.

ನಿನ್ನೆ ಸುಬೇದಾರ್ರನ್ನು ಕಂಡಾಗ ಆರ್ಡರ್ ಮುರಿದದ್ದಕ್ಕೆ ಛೇಡಿಸಿದೆ.

"ಸುಮ್ನಿರು ಅಂದ್ರೆ ಸುಮ್ನಿರೋದು ಗೊತ್ತುಂಟು ಗೌಡ್ರೇ" ಎಂದರು. "ನಿಧಾನ ಮಾತಾಡೋದು ಯಾರೂ ಕಲಿಸ್ಲಿಲ್ಲ ನೋಡಿ. ಮೇಷ್ಟ್ರೇ ಕಲಿಸಿದ್ರು."

ಅಂದ ಹಾಗೆ, ಅಷ್ಟು ಒದ್ದಾಡಿ ಸುಬೇದಾರ್ರು ಕುಟ್ಟಿದ ಆ ಮೊದಲ ಮಾತು ಏನು ಗೊತ್ತೇ? 'ಕಾಫಿ ಆಯಿತಾ?' ಅಷ್ಟೇ. ಕಡಲಾಚೆಗೆ ಕೇಳಿಸುವ ಸೆಟ್ಟು ಕಟ್ಟಿದವರು ನಾವು. ಬೆಂಚಿನ ತುದಿಯಲ್ಲಿ ಕುಳಿತವರನ್ನು ಅಷ್ಟು ಕೇಳುವುದಕ್ಕೆ ನಮಗೆ ಯಾವ ಲೈಸೆನ್ಸ್ ಬೇಕಿತ್ತು?