ಉಲ್ಟಾ ತೊಟ್ಟ ನೀಲಿ ಅಂಗಿ

“ಅಂಗಿ ಉಲ್ಟಾ ಹಾಕ್ಕೊಂಡಿಯಲ್ಲ ತಂಗಿ,” ಎಂದೆ.

ಬಳಗಾನೂರಿನ ನಮ್ಮ ಗದ್ದೆಯಲ್ಲಿ ಭತ್ತದ ನಾಟಿ ನಡೆದಿತ್ತು. ಕೂಲಿ ಹೆಂಗಸರೆಲ್ಲ ಎಂದಿನಂತೆ ಸೀರೆಯ ಮೇಲೆ ಗಂಡಸರ ಹಳೆ ಅಂಗಿ ತೊಟ್ಟಿದ್ದರು. ಎಲ್ಲರಿಗಿಂತ ಎತ್ತರದ ಈ ಹುಡುಗಿಯದು ಮಾತ್ರ ನೀಲಿ ಟ್ರ್ಯಾಕ್‌ಸೂಟ್ ಅಂಗಿ.

“ಗೊತ್ತೈತ್ರೀ ಅಕ್ಕಾರ. ಬೆನ್ನ ಮ್ಯಾಲ ಇಂಡಿಯಾ ಅಂತ ಬರದೈತಿ. ಅದಕ್ಕ ರಾಡಿ ಹತ್ತಬಾರದು,” ಎಂದಳು.

ಪಕ್ಕದಲ್ಲಿದ್ದ ಅವಳ ತಾಯಿ ತಲೆಯೆತ್ತದೆ ಹೇಳಿದರು: “ದೇಶದ ಪರವಾಗಿ ಬಾಸ್ಕೆಟ್‌ಬಾಲ್ ಆಡಾಕ ಹೊರದೇಶಕ್ಕ ಹೋಗಿ ಬಂದಾಳ್ರೀ. ಮೊಣಕಾಲು ಮುರದ ಮ್ಯಾಲ ಯಾರೂ ಕರೀಲಿಲ್ಲ.”

ಊಟದ ಹೊತ್ತಿಗೆ ಎಲ್ಲರೂ ಬದುವಿನ ಮೇಲೆ ಕೂತರು. ಕಾಲು ಮಡಚಲಾಗದ ಅವಳು ನಿಂತೇ ಉಂಡಳು.

ಈಗ ಟಿವಿಯಲ್ಲಿ ಯಾವ ಆಟಗಾರ್ತಿಯ ಬೆನ್ನ ಮೇಲೆ ಆ ಹೆಸರು ಕಂಡರೂ, ನನ್ನ ಕಣ್ಣಿಗೆ ಕಟ್ಟುವುದು ರಾಡಿ ಮೆತ್ತಿದ ಆ ಅಂಗಿಯ ಒಳಮೈ.